ಮೆಲ್ಟಿ ಬ್ಲಡ್ ಸರಣಿ ಬೆಳೆದ ಬಗೆ: ಇದು ಕಥೆಯವರ ಆಟವೋ, ಕಾದಾಟದವರ ಆಟವೋ?

ಅರ್ಧಚಂದ್ರ ಬರೆದದ್ದು:

ಮೆಲ್ಟಿ ಬ್ಲಡ್ ಎಂಬ ಜಪಾನಿನ ಕಾದಾಟದ ವಿಡಿಯೊ ಆಟದ ಮಾತು ಬಂದಾಗಲೆಲ್ಲ ‘ಹವ್ಯಾಸಿಗಳು ಮಾಡಿದ ಆಟ, ಕೊನೆಗೆ ದೊಡ್ಡ ವೇದಿಕೆ ಏರಿತು’ ಎಂಬ ಒಂದೇ ಸಾಲಿನಲ್ಲಿ ಅದರ ಚರಿತ್ರೆ ಮುಗಿದುಹೋಗುತ್ತದೆ. ನನಗೆ ಈ ಸಾಲು ಒಪ್ಪಿಗೆಯಿಲ್ಲ. 2002ರಿಂದ 2011ರವರೆಗೆ ಈ ಸರಣಿಯಲ್ಲಿ ಹೊಸ ಆಟವೆಂದು ಪೂರ್ತಿಯಾಗಿ ಹೊಸದಾಗಿ ಕಟ್ಟಿದ್ದು ಒಂದೂ ಇಲ್ಲ. ಇದ್ದದ್ದು ಒಂದೇ ಆಟ. ಅದನ್ನೇ ಮತ್ತೆ ಮತ್ತೆ ಬಿಚ್ಚಿ, ತಿದ್ದಿ, ಸೇರಿಸಿ, ಕೆಲವೊಮ್ಮೆ ಸೇರಿಸಿದ್ದನ್ನು ಕಿತ್ತುಹಾಕಿ ಬೆಳೆಸಿದರು. ಹಳೇ ಮನೆಗೆ ಕೈಯಲ್ಲಿ ಕಾಸು ಬಂದಾಗೊಂದು ಕೋಣೆ ಕಟ್ಟಿಕೊಂಡು ಹೋದ ಹಾಗೆ. ಆ ಆಟದ ಆಳವೂ ಅದರ ಗೋಜಲೂ ಎರಡೂ ಬಂದದ್ದು ಅಲ್ಲಿಂದಲೇ ಎಂಬುದು ನನ್ನ ವಾದ.

ಮೊದಲು ಇಬ್ಬರು ಮೂಲಪುರುಷರ ಬಗ್ಗೆ ಹೇಳಬೇಕು. ಟೈಪ್-ಮೂನ್ ಎಂಬುದು ಬರಹಗಾರ ನಾಸು ಕಿನೊಕೊ ಮತ್ತು ಚಿತ್ರಕಾರ ತಾಕೆಉಚಿ ತಾಕಾಶಿ ಸೇರಿ ಕಟ್ಟಿದ ದೋಜಿನ್ ಸರ್ಕಲ್, ಅಂದರೆ ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ತಯಾರಿಸಿ ತಾವೇ ಮಾರುವ ಗೆಳೆಯರ ಗುಂಪು. ಅವರ ‘ತ್ಸುಕಿಹಿಮೆ’ ಎಂಬ ದೃಶ್ಯಕಾದಂಬರಿ, ಅಂದರೆ ಚಿತ್ರ ಸಂಗೀತಗಳೊಂದಿಗೆ ಕಂಪ್ಯೂಟರಿನಲ್ಲಿ ಓದುವ ಕಥೆ, 2000ದ ಡಿಸೆಂಬರ್‌ನಲ್ಲಿ, ಟೋಕಿಯೊದಲ್ಲಿ ವರ್ಷಕ್ಕೆ ಎರಡು ಸಲ ನಡೆಯುವ ಕಾಮಿಕೆಟ್ ಜಾತ್ರೆಯಲ್ಲಿ ಮಾರಾಟಕ್ಕೆ ಬಂದು, ಬಾಯಿಂದ ಬಾಯಿಗೆ ಹರಡಿ ಹೆಸರು ಮಾಡಿತು. ಇನ್ನೊಂದು ಕಡೆ ವಾತಾನಾಬೆ ಸೆಯ್ಸಾಕುಜೊ ಎಂಬ ಸರ್ಕಲ್ ಇತ್ತು. ಅವರು 1998ರಿಂದಲೇ ‘ದಿ ಕ್ವೀನ್ ಆಫ್ ಹಾರ್ಟ್’ ಎಂಬ ಕಾದಾಟದ ಆಟಗಳನ್ನು ಮಾಡುತ್ತಿದ್ದರು. ಲೀಫ್ ಎಂಬ ಕಂಪನಿಯ ‘ಟು ಹಾರ್ಟ್’ ಮುಂತಾದ ಆಟಗಳ ಶಾಲಾ ಹುಡುಗಿಯರನ್ನು ತಂದು, ಅವರ ಕೈಯಲ್ಲಿ ಫೈರ್‌ಬಾಲ್ ಎಸೆಸಿ, ಸೂಪರ್ ಹೊಡೆತ ಹೊಡೆಸುವ ಆಟಗಳವು. ಕೇಳುವುದಕ್ಕೆ ತಮಾಷೆ ಎನಿಸಿದರೂ, ಆಡಿದವರಿಗೆ ಅದರ ಹಿಂದಿನ ಕೈಗಳು ಆರ್ಕೇಡ್ ಆಟಗಳನ್ನು, ಅಂದರೆ ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ಯಂತ್ರಗಳ ಆಟಗಳನ್ನು, ಎಷ್ಟು ಹತ್ತಿರದಿಂದ ನೋಡಿ ಕಲಿತಿದ್ದವೆಂಬುದು ತಿಳಿಯುತ್ತಿತ್ತು.

ಇವರಿಬ್ಬರೂ ಸೇರಿದ್ದರಿಂದ 2002ರ ಡಿಸೆಂಬರ್‌ನ ಕಾಮಿಕೆಟ್‌ನಲ್ಲಿ ವಿಂಡೋಸ್‌ಗಾಗಿ ಮೊದಲ ‘ಮೆಲ್ಟಿ ಬ್ಲಡ್’ ಬಂತು. ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ‘ಕ್ವೀನ್ ಆಫ್ ಹಾರ್ಟ್’ ಇನ್ನೊಬ್ಬರ ಪಾತ್ರಗಳನ್ನು ಎರವಲು ಪಡೆದ ಅಭಿಮಾನಿಗಳ ಆಟ. ಮೂಲದ ಒಡೆಯರು ಕಂಡೂ ಕಾಣದಂತೆ ಇದ್ದರೆ ಮಾತ್ರ ಅದಕ್ಕೆ ಉಳಿಗಾಲ. ಮೆಲ್ಟಿ ಬ್ಲಡ್‌ನಲ್ಲಿ ಪಾತ್ರಗಳ ಒಡೆಯರೇ ಕೂಡ ಒಂದು ದೋಜಿನ್ ಸರ್ಕಲ್ ಆಗಿದ್ದರಿಂದ, ಅವರೇ ಬಂದು ಕಥೆ ಬರೆದುಕೊಟ್ಟರು. ‘ತ್ಸುಕಿಹಿಮೆ’ಯ ಘಟನೆಗಳಾಗಿ ಒಂದು ವರ್ಷದ ಮೇಲೆ, ಊರಲ್ಲಿ ಮತ್ತೆ ರಕ್ತಪಿಶಾಚಿ ಓಡಾಡುತ್ತಿದೆ ಎಂಬ ವದಂತಿ ಹಬ್ಬುತ್ತದೆ, ಆ ವದಂತಿಯನ್ನೇ ಮೈಯಾಗಿಸಿಕೊಳ್ಳುವ ಶತ್ರು ಒಬ್ಬ, ಅವನನ್ನು ಹುಡುಕಿಕೊಂಡು ಈಜಿಪ್ಟಿನ ಅಟ್ಲಾಸ್ ವಿದ್ಯಾಪೀಠದಿಂದ ಬರುವ ಸಿಯಾನ್ ಎಂಬ ರಸವಾದಿ ಒಬ್ಬಳು. ಹಳೆಯ ಪಾತ್ರಗಳೆಲ್ಲ ತಮ್ಮೊಳಗೇ ಬಡಿದಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ: ಎದುರಿಗೆ ನಿಂತವರು ನಿಜವಾದವರೋ ವದಂತಿ ಹುಟ್ಟಿಸಿದ ಪ್ರತಿರೂಪವೋ ಯಾರಿಗೂ ಗೊತ್ತಿರುವುದಿಲ್ಲ.

2003ರ ಆಸುಪಾಸಿನಲ್ಲಿ ವಾತಾನಾಬೆ ಸೆಯ್ಸಾಕುಜೊ ತನ್ನ ಹೆಸರನ್ನು ಫ್ರೆಂಚ್-ಬ್ರೆಡ್ ಎಂದು ಬದಲಿಸಿಕೊಂಡಿತು. 2004ರ ಮೇ ತಿಂಗಳಲ್ಲಿ ‘ರಿ-ಆ್ಯಕ್ಟ್’ ಎಂಬ ವಿಸ್ತರಣೆ ಬಂತು, 2005ರಲ್ಲಿ ಅದಕ್ಕೆ ‘ಫೈನಲ್ ಟ್ಯೂನ್ಡ್’ ಎಂಬ ಪ್ಯಾಚ್ ಉಚಿತವಾಗಿ ಸಿಕ್ಕಿತು. ‘ಫೈನಲ್’ ಎಂದು ಹೆಸರಿಟ್ಟವರು ಮುಂದಿನ ಆರು ವರ್ಷ ಅದೇ ಆಟವನ್ನು ತಿದ್ದುತ್ತಲೇ ಇದ್ದರು ಎಂಬುದನ್ನು ನೆನೆದರೆ ನಗು ಬರುತ್ತದೆ.

ಇಷ್ಟು ಹೇಳಿ ಪ್ರಶ್ನೆಯನ್ನು ಮುಂದಿಡುತ್ತೇನೆ. ಈ ಸರಣಿಯನ್ನು ಉಳಿಸಿದ್ದು ಟೈಪ್-ಮೂನ್‌ನ ಕಥೆಯೋ, ಫ್ರೆಂಚ್-ಬ್ರೆಡ್‌ನ ಕೈಚಳಕವೋ? ನನ್ನ ಮತ ಎರಡನೆಯದಕ್ಕೆ.

ಕಾಫಿತೋಟ ಬರೆದದ್ದು:

ಅರ್ಧಚಂದ್ರ ಅವರೇ, ತಾವು ಹೇಳಿದ ಮೊದಲ ಭಾಗಕ್ಕೆ ನನ್ನ ತಕರಾರಿಲ್ಲ. ಆದರೆ ಲೆಕ್ಕದಲ್ಲಿ ಮೂರನೆಯವರೊಬ್ಬರನ್ನು ಬಿಟ್ಟಿದ್ದೀರಿ: ಎಕೋಲ್ ಸಾಫ್ಟ್‌ವೇರ್.

2005ರ ಮಾರ್ಚ್‌ನಲ್ಲಿ ‘ಮೆಲ್ಟಿ ಬ್ಲಡ್ ಆ್ಯಕ್ಟ್ ಕಡೆಂಜಾ’ ಸೆಗಾದ ನವೋಮಿ ಯಂತ್ರದ ಮೇಲೆ ಜಪಾನಿನ ಆರ್ಕೇಡ್‌ಗಳಿಗೆ ಬಂದದ್ದು ಎಕೋಲ್ ಜೊತೆಗೂಡಿದ್ದರಿಂದ. ಇದೇ ಎಕೋಲ್ 1996ರಲ್ಲಿ ಸೆಗಾ ಸ್ಯಾಟರ್ನ್‌ಗೆ ‘ಡೆತ್ ಕ್ರಿಮ್ಸನ್’ ಎಂಬ ಬಂದೂಕಿನ ಆಟವನ್ನು ಹೊರತಂದಿತ್ತು. ಅದು ಎಷ್ಟು ಕೆಟ್ಟ ಆಟವೆಂದರೆ, ಕೆಟ್ಟತನಕ್ಕಾಗಿಯೇ ಜನ ಅದನ್ನು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಅಂಥ ಖ್ಯಾತಿಯ ಕಂಪನಿಯೊಂದು ಹವ್ಯಾಸಿಗಳ ಆಟವನ್ನು ಆರ್ಕೇಡ್‌ಗೆ ಒಯ್ದು, ಅದು ತೌಗೆಕಿಯಂಥ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಸೇರುವಂತಾಯಿತು ಎಂಬುದು ಚರಿತ್ರೆಯ ವಿನೋದಗಳಲ್ಲೊಂದು.

ಆರ್ಕೇಡ್‌ಗೆ ಹೋದದ್ದರಿಂದ ಆಟದ ಒಳಗೇ ಬದಲಾವಣೆ ಆಯಿತು ಎಂಬುದು ಮುಖ್ಯ. ಮನೆಯ ಕಂಪ್ಯೂಟರಿನಲ್ಲಿ ಒಬ್ಬ ಆಟಗಾರ ತನ್ನ ಗೆಳೆಯನೊಂದಿಗೆ, ಹೆಚ್ಚೆಂದರೆ ಕ್ಲಬ್ಬಿನ ನಾಲ್ಕು ಜನರೊಂದಿಗೆ ಆಡುತ್ತಾನೆ. ಅಲ್ಲಿ ಒಂದು ಪಾತ್ರ ಅತಿಯಾಗಿ ಬಲಿಷ್ಠವಾಗಿದ್ದರೆ ಎಲ್ಲರೂ ಸೇರಿ ಅದನ್ನು ಬಳಸದಿರಲು ಒಪ್ಪಿಕೊಂಡರೆ ಆಯಿತು. ಆರ್ಕೇಡ್‌ನಲ್ಲಿ ಅಂಥ ಒಪ್ಪಂದಕ್ಕೆ ಜಾಗವಿಲ್ಲ. ಯಂತ್ರದ ಆಚೆ ಬದಿಯಲ್ಲಿ ಕೂತವನ ಮುಖವೂ ಕಾಣುವುದಿಲ್ಲ, ನೂರು ಯೆನ್ ಹಾಕಿದವನು ಗೆಲ್ಲಲೆಂದೇ ಬಂದಿರುತ್ತಾನೆ, ಸೋತವನು ಎದ್ದು ಹೋಗಬೇಕು. ಒಂದು ಲೋಪ ಸಿಕ್ಕರೆ ಒಂದೇ ವಾರದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ‘ಆ್ಯಕ್ಟ್ ಕಡೆಂಜಾ’ಗೆ ಬಿ, ಬಿ2 ಎಂದು ಆವೃತ್ತಿಯ ಮೇಲೆ ಆವೃತ್ತಿ ಬಂದದ್ದು ಈ ಒತ್ತಡದಿಂದ. 2006ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ, 2007ರಲ್ಲಿ ಮತ್ತೆ ವಿಂಡೋಸ್‌ಗೆ, ಹೀಗೆ ಆಟ ಮನೆಗೆ ಮರಳಿದಾಗ ಅದು ಮನೆಯಿಂದ ಹೊರಟ ಆಟವಾಗಿ ಉಳಿದಿರಲಿಲ್ಲ.

ಹಾಗಾಗಿ ಕೈಚಳಕ ಎಂದು ತಾವು ಹೇಳುವುದರಲ್ಲಿ ಅರ್ಧ ಪಾಲು ಜಪಾನಿನ ಆರ್ಕೇಡ್ ಆಟಗಾರರಿಗೆ ಸಲ್ಲಬೇಕು.

ನೀಲಾಂಬರಿ ಬರೆದದ್ದು:

ಇಬ್ಬರೂ ಕಥೆಯನ್ನು ಪಕ್ಕಕ್ಕೆ ಸರಿಸುತ್ತಿದ್ದೀರಿ, ನಾನು ಅದರ ಪರ ನಿಲ್ಲುತ್ತೇನೆ.

2004ರ ಜನವರಿಯಲ್ಲಿ ಟೈಪ್-ಮೂನ್ ‘ಫೇಟ್/ಸ್ಟೇ ನೈಟ್’ ಮೂಲಕ ವಾಣಿಜ್ಯ ಸಂಸ್ಥೆಯಾಯಿತು, ಅದರ ಗಮನವೆಲ್ಲ ಆ ಕಡೆಗೆ ಹರಿಯಿತು. ‘ತ್ಸುಕಿಹಿಮೆ’ಯ ಓದುಗರಿಗೆ ಹೊಸ ಕಥೆ ಎಲ್ಲಿ ಸಿಕ್ಕಿತು ಎಂದರೆ, ಬಹುಪಾಲು ಈ ಕಾದಾಟದ ಆಟದಲ್ಲೇ. ‘ತ್ಸುಕಿಹಿಮೆ’ಯಲ್ಲಿ ಸತ್ಸುಕಿ ಎಂಬ ಹುಡುಗಿಗೆ ತನ್ನದೇ ಆದ ಕಥಾಮಾರ್ಗವೇ ಇರಲಿಲ್ಲ, ಆಕೆಗೆ ಎದ್ದು ನಿಂತು ಹೊಡೆಯಲು ಅವಕಾಶ ಸಿಕ್ಕಿದ್ದು ಇಲ್ಲಿ. ನಾಯಕನ ಪುಟ್ಟ ಬಂಧು ಮಿಯಾಕೊಗೆ ತುಂಬು ಆಕಾರ ಬಂದದ್ದು ಇಲ್ಲಿ. ತಮಾಷೆಗೆಂದು ಗೀಚಿದ ಬೆಕ್ಕಿನ ರೂಪದ ನೆಕೊ-ಆರ್ಕ್ ಇಂದು ಎಲ್ಲರ ಮೀಮ್‌ಗಳಲ್ಲೂ ಓಡಾಡುತ್ತಿದೆ, ಅದಕ್ಕೂ ಈ ಸರಣಿಯ ಋಣ ದೊಡ್ಡದು. ಕಾದಾಟದ ಆಟವೊಂದರಲ್ಲಿ ಕಥೆ ಅಲಂಕಾರ ಮಾತ್ರ ಎಂಬುದು ಸಾಮಾನ್ಯ ನಿಯಮ. ಮೆಲ್ಟಿ ಬ್ಲಡ್‌ನಲ್ಲಿ ಮಾತ್ರ ಕಥೆಯ ಮುಂದಿನ ಕಂತನ್ನು ಓದಬೇಕೆಂದರೆ ಹೊಡೆದಾಟ ಕಲಿಯಲೇಬೇಕಿತ್ತು. ಕಲಿಯಲು ಇಷ್ಟವಿಲ್ಲದ ನನ್ನಂಥವರನ್ನೂ ಅದು ಎಳೆದು ಕೂರಿಸಿತು.

ಸಂಗೀತದ ಬಗ್ಗೆಯೂ ಒಂದು ಮಾತು. ರೈಟೊ ಅವರ ರಾಗಗಳಿಲ್ಲದ ಮೆಲ್ಟಿ ಬ್ಲಡ್ ಅನ್ನು ನಾನು ಊಹಿಸಿಕೊಳ್ಳಲಾರೆ. ಆವೃತ್ತಿಯಿಂದ ಆವೃತ್ತಿಗೆ ಅವರೇ ಮುಂದುವರಿದದ್ದರಿಂದ ಒಂದು ಪಾತ್ರದ ರಾಗ ಕೇಳಿದ ಕೂಡಲೇ ಹಳೆಯ ಆವೃತ್ತಿಯ ಅದೇ ಪಾತ್ರ ಕಣ್ಮುಂದೆ ಬರುತ್ತದೆ.

ಅರ್ಧಚಂದ್ರ ಬರೆದದ್ದು:

ನೀಲಾಂಬರಿ ಅವರೇ, ಕಥೆ ಜನರನ್ನು ಕರೆತಂದಿತು ಎಂಬುದನ್ನು ಒಪ್ಪುತ್ತೇನೆ. ಬಂದವರು ಹತ್ತು ವರ್ಷ ಕೂತದ್ದು ಯಾಕೆ ಎಂಬುದು ನನ್ನ ಪ್ರಶ್ನೆ. ಒಂದು ಉದಾಹರಣೆ ಕೊಡುತ್ತೇನೆ.

ಅಕ್ಷರ ಎ, ಬಿ, ಸಿ ಎಂದರೆ ಮೆಲುವಾದ, ನಡುತರದ, ಬಲವಾದ ಹೊಡೆತಗಳು. ಇಂಥ ಹೆಚ್ಚಿನ ಆಟಗಳಲ್ಲಿ ಒಂದರ ಹಿಂದೊಂದು ಪೋಣಿಸಿದ ಹೊಡೆತಗಳ ಸರಪಳಿ ಒಂದೇ ದಿಕ್ಕಿನಲ್ಲಿ ಸಾಗುತ್ತದೆ: ಮೆಲುವಿನಿಂದ ಬಲಕ್ಕೆ. ಬಲವಾದ ಹೊಡೆತವನ್ನು ಎದುರಾಳಿ ತಡೆದುಬಿಟ್ಟರೆ ನಿಮ್ಮ ಸರದಿ ಮುಗಿಯಿತು. ಕೈ ಹಿಂತೆಗೆಯುವಷ್ಟರಲ್ಲಿ ಅವನು ತಿರುಗಿ ಹೊಡೆಯುತ್ತಾನೆ. ಮೆಲ್ಟಿ ಬ್ಲಡ್‌ನಲ್ಲಿ ರಿವರ್ಸ್ ಬೀಟ್ ಎಂಬ ನಿಯಮವಿದೆ. ಬಲವಾದ ಸಿ ಹೊಡೆತದಿಂದ ಹಿಂದಕ್ಕೆ, ಮೆಲುವಾದ ಎ ಹೊಡೆತಕ್ಕೆ ಇಳಿಯಬಹುದು. ಆ ಹೊತ್ತಿಗೆ ಎದುರಾಳಿ ತುಸು ದೂರ ತಳ್ಳಲ್ಪಟ್ಟಿರುವುದರಿಂದ ಎ ಗಾಳಿಯಲ್ಲೇ ಬೀಸಿಹೋಗುತ್ತದೆ, ತಾಗುವುದೇ ಇಲ್ಲ. ಆದರೆ ಅದು ಬೇಗ ಮುಗಿಯುವ ಹೊಡೆತವಾದ್ದರಿಂದ ನೀವು ಕ್ಷೇಮವಾಗಿ ಸಹಜ ನಿಲುವಿಗೆ ಮರಳಿರುತ್ತೀರಿ, ಮತ್ತೆ ಮುನ್ನುಗ್ಗಬಹುದು. ಈಗ ಎದುರಾಳಿಯ ತಲೆಯಲ್ಲಿ ನಡೆಯುವುದನ್ನು ಯೋಚಿಸಿ. ಆ ಖಾಲಿ ಬೀಸನ್ನು ನೋಡಿ ಅವನು ಗುಂಡಿ ಒತ್ತಿದರೆ, ನೀವು ಈ ಸಲ ಮುನ್ನುಗ್ಗದೆ ಸರಪಳಿಯನ್ನೇ ಇನ್ನೊಂದು ಕೊಂಡಿ ಮುಂದುವರಿಸಿದ್ದರೆ, ಅವನು ಸಿಕ್ಕಿಬೀಳುತ್ತಾನೆ. ಒತ್ತದೆ ಕೂತರೆ ನೀವು ಓಡಿಬಂದು ಹಿಡಿದು ಎಸೆಯುತ್ತೀರಿ. ಇದಕ್ಕೆ ದಂಡವೂ ಇದೆ: ರಿವರ್ಸ್ ಬೀಟ್ ಬಳಸಿದ ಕಾಂಬೊದ (ತಡೆಯಲಾಗದಂತೆ ಸತತವಾಗಿ ತಾಗುವ ಹೊಡೆತಗಳ ಸಾಲಿನ) ಪೆಟ್ಟು ಕಡಿಮೆಯಾಗುತ್ತದೆ, ಮತ್ತು ಎ ಬಿಟ್ಟು ಉಳಿದ ಯಾವ ಹೊಡೆತವನ್ನೂ ಒಂದೇ ಸರಪಳಿಯಲ್ಲಿ ಎರಡನೇ ಸಲ ಬಳಸುವಂತಿಲ್ಲ.

ಇಡೀ ಆಟದ ಒತ್ತಡ, ಉಸಿರುಗಟ್ಟುವಿಕೆ, ಮೋಸ, ಎಲ್ಲವೂ ಹುಟ್ಟುವುದು ಈ ಒಂದು ಚಿಕ್ಕ ನಿಯಮದಿಂದ. ಶೀಲ್ಡ್ ಇದಕ್ಕೆ ಉತ್ತರ: ಡಿ ಗುಂಡಿಯನ್ನು ಸರಿಯಾದ ಕ್ಷಣದಲ್ಲಿ ಒತ್ತಿದರೆ ಹೊಡೆತವನ್ನು ನುಂಗಿ ಸರದಿಯನ್ನು ಕಸಿದುಕೊಳ್ಳಬಹುದು, ತಪ್ಪಿದರೆ ಪೂರ್ತಿ ಬಯಲಾಗಿ ನಿಲ್ಲಬೇಕು. ಇದನ್ನು ಯಾವ ಕಥೆಯೂ ಕೊಡಲಾರದು.

ಕಾಫಿತೋಟ ಬರೆದದ್ದು:

ಉದಾಹರಣೆ ಚೆನ್ನಾಗಿದೆ, ಆದರೆ ತಿದ್ದುತ್ತಾ ಹೋಗುವ ಚಾಳಿಗೆ ಅತಿರೇಕವೂ ಇದೆ ಎಂಬುದಕ್ಕೆ ‘ಆ್ಯಕ್ಟ್ರೆಸ್ ಅಗೇನ್’ ಸಾಕ್ಷಿ. 2008ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ನವೋಮಿ ಮೇಲೆ, ಅಂದರೆ ಹತ್ತು ವರ್ಷ ಹಳೆಯದಾದ ಯಂತ್ರದ ಮೇಲೆ ಬಂದ ಈ ಆವೃತ್ತಿ, ಪ್ರತಿ ಪಾತ್ರಕ್ಕೂ ಮೂರು ಶೈಲಿಗಳನ್ನು ಕೊಟ್ಟಿತು. ಕ್ರೆಸೆಂಟ್ ಮೂನ್ ಎಂದರೆ ‘ಆ್ಯಕ್ಟ್ ಕಡೆಂಜಾ’ದ ಆಟಗಾರರಿಗೆ ಒಗ್ಗಿದ ಹಳೆಯ ಬಗೆ. ಫುಲ್ ಮೂನ್‌ನಲ್ಲಿ ತಾವು ಇಷ್ಟು ಹೊಗಳಿದ ರಿವರ್ಸ್ ಬೀಟ್ ಇಲ್ಲವೇ ಇಲ್ಲ. ಬದಲಿಗೆ ಒಂದೊಂದು ಹೊಡೆತವೂ ಭಾರಿ, ವಿಶೇಷ ಹೊಡೆತಗಳಿಗೆ ಬೇಕಾದ ಶಕ್ತಿಯ ಮಾಪಕವನ್ನು ಕೈಯಾರೆ ತುಂಬಿಕೊಳ್ಳಬಹುದು. ಹಾಫ್ ಮೂನ್‌ನಲ್ಲಿ ಮಾಪಕದ ಬಹಳಷ್ಟು ಕೆಲಸ ತಾನಾಗಿಯೇ ನಡೆಯುತ್ತದೆ. 2010ರ ಜುಲೈನಲ್ಲಿ ಸೆಗಾದ ರಿಂಗ್‌ವೈಡ್ ಯಂತ್ರಕ್ಕೆ ‘ಕರೆಂಟ್ ಕೋಡ್’ ಬರುವ ಹೊತ್ತಿಗೆ ಪಾತ್ರಗಳು 31, ಮೂರು ಶೈಲಿ ಸೇರಿದರೆ 93. ಕಲಿಯಲು ಬಂದ ಹೊಸಬನ ಪಾಡೇನು? ತಾನು ಒಂದನ್ನು ಕಲಿತರೆ ಸಾಲದು, ಎದುರಿಗೆ ಬರಬಹುದಾದ 93 ಬಗೆಗಳ ಪರಿಚಯವಾದರೂ ಇರಬೇಕು.

ಫ್ರೆಂಚ್-ಬ್ರೆಡ್‌ನವರಿಗೂ ಇದು ಹೊಳೆದಿರಬೇಕೆಂದು ನನ್ನ ಅನಿಸಿಕೆ. ಅವರು 2012ರ ಸೆಪ್ಟೆಂಬರ್‌ನಲ್ಲಿ, ಎಕೋಲ್ ಜೊತೆಯಲ್ಲೇ, ‘ಅಂಡರ್ ನೈಟ್ ಇನ್-ಬರ್ತ್’ ಎಂಬ ತಮ್ಮ ಸ್ವಂತದ ಆಟ ಕಟ್ಟಿದಾಗ ಪಾತ್ರಗಳ ಸಂಖ್ಯೆಯನ್ನು ಚಿಕ್ಕದಾಗಿಟ್ಟು, ಚಿತ್ರಗಳನ್ನೆಲ್ಲ ಹೊಸದಾಗಿ ದೊಡ್ಡ ಗಾತ್ರದಲ್ಲಿ ಬರೆದರು.

ಹಳೇ ಕೀಬೋರ್ಡ್ ಬರೆದದ್ದು:

ಇದುವರೆಗೆ ಜಪಾನಿನ ಆರ್ಕೇಡ್‌ಗಳ ಮಾತೇ ಆಯಿತು. ಜಪಾನಿನ ಹೊರಗೆ, ಆರ್ಕೇಡ್ ಮುಖವನ್ನೇ ಕಾಣದ ನಮ್ಮಂಥವರಿಗೆ ಈ ಆಟ ತಲುಪಿದ ಬಗೆ ಬೇರೆ. ಅದರ ಶ್ರೇಯಸ್ಸು ಮೂವರಲ್ಲಿ ಯಾರಿಗೂ ಪೂರ್ತಿ ಸಲ್ಲುವುದಿಲ್ಲ.

‘ಕರೆಂಟ್ ಕೋಡ್’ನ ವಿಂಡೋಸ್ ಆವೃತ್ತಿ 2011ರ ಡಿಸೆಂಬರ್‌ನಲ್ಲಿ ಅಂಗಡಿಯಲ್ಲಿ ಬಿಡಿಯಾಗಿ ಮಾರಾಟಕ್ಕೆ ಬರಲಿಲ್ಲ. ‘ಕಾರ್ನಿವಲ್ ಫ್ಯಾಂಟಾಸ್ಮ್’ ಎಂಬ ಹಾಸ್ಯದ ಅನಿಮೆಯ ಬ್ಲೂ-ರೇ ಕೊಂಡವರಿಗೆ ಜೊತೆಯಲ್ಲಿ ಕೊಟ್ಟ ಕೊಡುಗೆಯಾಗಿ ಬಂತು. ಒಂಬತ್ತು ವರ್ಷ ತಿದ್ದಿ ತೀಡಿದ ಆಟದ ಅಂತಿಮ ರೂಪ ಹೀಗೆ ಇನ್ನೊಂದರ ಬಾಲವಾಗಿ ಹೊರಬಂದದ್ದು ನನಗೆ ಈಗಲೂ ಅರಗದ ಸಂಗತಿ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ಅದು ಬಂದದ್ದು 2016ರ ಏಪ್ರಿಲ್‌ನಲ್ಲಿ, ಆ ಆವೃತ್ತಿಯ ಆನ್‌ಲೈನ್ ಆಟವೂ ತೃಪ್ತಿ ಕೊಡಲಿಲ್ಲ.

ಈ ನಡುವೆ ಆಟಗಾರರೇ ಆನ್‌ಲೈನ್‌ನಲ್ಲಿ ಆಡಲು ಸಿಸಿ-ಕಾಸ್ಟರ್ ಎಂಬ ತಂತ್ರಾಂಶವನ್ನು ಬರೆದುಕೊಂಡರು. ಅದರ ಮಹತ್ವ ತಿಳಿಯಬೇಕಾದರೆ ಈ ಲೆಕ್ಕ ನೋಡಿ. ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ, ಒಂದು ಫ್ರೇಮ್ ಎಂದರೆ ಸುಮಾರು 17 ಮಿಲಿಸೆಕೆಂಡ್. ಎದುರಾಳಿಯ ಗುಂಡಿ ಒತ್ತಿದ ಸುದ್ದಿ ನನ್ನ ಯಂತ್ರಕ್ಕೆ ತಲುಪಲು 68 ಮಿಲಿಸೆಕೆಂಡ್ ಬೇಕೆಂದರೆ ನಾಲ್ಕು ಫ್ರೇಮ್ ಕಳೆದಿರುತ್ತವೆ. ಹಳೆಯ ಪದ್ಧತಿಯಲ್ಲಿ ಆಟ ಆ ಸುದ್ದಿ ಬರುವವರೆಗೆ ಕಾಯುತ್ತದೆ. ಅಂದರೆ ನಾನು ಒತ್ತಿದ ಗುಂಡಿಯೂ ನಾಲ್ಕು ಫ್ರೇಮ್ ತಡವಾಗಿ ಕೆಲಸ ಮಾಡುತ್ತದೆ, ಅರ್ಧಚಂದ್ರ ಅವರು ವಿವರಿಸಿದ ಶೀಲ್ಡ್ ಕೈಗೆ ಸಿಗುವುದೇ ಇಲ್ಲ. ರೋಲ್‌ಬ್ಯಾಕ್ ಪದ್ಧತಿ ಕಾಯುವುದಿಲ್ಲ. ಎದುರಾಳಿ ಹಿಂದಿನ ಫ್ರೇಮಿನಲ್ಲಿ ಮಾಡುತ್ತಿದ್ದುದನ್ನೇ ಮುಂದುವರಿಸುತ್ತಾನೆಂದು ಊಹಿಸಿ ಆಟವನ್ನು ಮುಂದಕ್ಕೆ ಓಡಿಸುತ್ತದೆ. ಸುದ್ದಿ ಬಂದಾಗ ಊಹೆ ಸುಳ್ಳಾಗಿದ್ದರೆ, ನಾಲ್ಕು ಫ್ರೇಮ್ ಹಿಂದಿನ ಸ್ಥಿತಿಗೆ ಮರಳಿ, ಸರಿಯಾದ ಮಾಹಿತಿಯೊಂದಿಗೆ ಆ ನಾಲ್ಕನ್ನೂ ಮತ್ತೆ ಲೆಕ್ಕಹಾಕಿ, ಒಂದೇ ಫ್ರೇಮಿನ ಅವಧಿಯಲ್ಲಿ ವರ್ತಮಾನಕ್ಕೆ ಬಂದು ಸೇರುತ್ತದೆ. ಟೋನಿ ಕ್ಯಾನನ್ ಅವರ ಜಿಜಿಪಿಒ ಈ ಪದ್ಧತಿಗೆ ಹೆಸರು ತಂದಿತ್ತು. ಅದನ್ನು ಮೂಲ ಸಂಕೇತ (ಸೋರ್ಸ್ ಕೋಡ್) ಕೈಯಲ್ಲಿಲ್ಲದ ಆಟವೊಂದಕ್ಕೆ ಹೊರಗಿನಿಂದ ಹೊಲಿಯುವುದು ಸಾಮಾನ್ಯ ಕೆಲಸವಲ್ಲ. ಕಂಪ್ಯೂಟರಿನ ಮೆಮೊರಿಯಲ್ಲಿ ಯಾವ ಜಾಗದಲ್ಲಿ ಪಾತ್ರದ ಸ್ಥಾನವಿದೆ, ಎಲ್ಲಿ ಮಾಪಕವಿದೆ, ಪರದೆಯ ಮೇಲಿನ ಪ್ರತಿ ಕಿಡಿಯ ಸ್ಥಿತಿ ಎಲ್ಲಿದೆ ಎಂಬುದನ್ನು ಹುಡುಕಿ ಗುರುತಿಸಿ, ಅವೆಲ್ಲವನ್ನೂ ಪ್ರತಿ ಫ್ರೇಮಿಗೂ ಉಳಿಸಿ ಮರಳಿಸಬೇಕು. ಒಂದನ್ನು ಬಿಟ್ಟರೂ ಎರಡು ಯಂತ್ರಗಳಲ್ಲಿ ಎರಡು ಬೇರೆ ಪಂದ್ಯಗಳು ನಡೆಯತೊಡಗುತ್ತವೆ.

ದೊಡ್ಡ ಕಂಪನಿಗಳ ಎಷ್ಟೋ ಜಪಾನಿ ಆಟಗಳಲ್ಲಿ ರೋಲ್‌ಬ್ಯಾಕ್ ಇಲ್ಲದ ಕಾಲದಲ್ಲೇ ಮೆಲ್ಟಿ ಬ್ಲಡ್ ಆಡುವವರಿಗೆ ಅದು ಪುಕ್ಕಟೆಯಾಗಿ ಸಿಕ್ಕಿತ್ತು. ಪಂದ್ಯಾವಳಿಗಳಲ್ಲಿ ಇವರಿಗೆ ಜಾಗ ಸಿಗದೆ ಶೌಚಾಲಯದಲ್ಲಿ ಲ್ಯಾಪ್‌ಟಾಪ್ ಇಟ್ಟು ಆಡುತ್ತಾರೆಂಬ ನಗೆಮಾತು ಹುಟ್ಟಿಕೊಂಡದ್ದೂ ಆ ದಿನಗಳಲ್ಲೇ. ಎಲ್ಲಿ ಬೇಕಾದರೂ ಓಡುವ ಹಗುರವಾದ ಆಟ ಅದು, ಕೆಟ್ಟ ಲ್ಯಾಪ್‌ಟಾಪ್ ಸಾಕಿತ್ತು. 2020ರಲ್ಲಿ ಕೋವಿಡ್‌ನಿಂದ ಎಲ್ಲರೂ ಮನೆಯಲ್ಲಿ ಕೂತಾಗ ಹೊಸಬರು ಈ ಕಡೆ ತಿರುಗಿದ್ದಕ್ಕೆ ಇದೇ ಕಾರಣ.

ನೀಲಾಂಬರಿ ಬರೆದದ್ದು:

ಆದರೂ ಹತ್ತು ವರ್ಷದ ಮೌನ ಮುರಿದದ್ದು ಕಥೆಯಿಂದಲೇ ಎಂಬುದನ್ನು ಮರೆಯಬೇಡಿ. ‘ತ್ಸುಕಿಹಿಮೆ’ಯನ್ನು ಹೊಸದಾಗಿ ಬರೆಯುತ್ತೇವೆಂದು ಟೈಪ್-ಮೂನ್ 2008ರಲ್ಲಿ ಘೋಷಿಸಿ, ಅದರ ಮೊದಲ ಭಾಗವನ್ನು ಕೊಟ್ಟದ್ದು 2021ರ ಆಗಸ್ಟ್ 26ರಂದು. ಸರಿಯಾಗಿ ಮುಂದಿನ ತಿಂಗಳು, ಸೆಪ್ಟೆಂಬರ್ 30ಕ್ಕೆ, ‘ಮೆಲ್ಟಿ ಬ್ಲಡ್: ಟೈಪ್ ಲುಮಿನಾ’ ಬಂತು.

ಈ ಬಾರಿ ಫ್ರೆಂಚ್-ಬ್ರೆಡ್ ಹಳೆಯ ಮನೆಯನ್ನು ಕೆಡವಿ ಕಟ್ಟಿತು. ಚಿತ್ರಗಳೆಲ್ಲ ಹೊಸವು, ಮೂರು ಚಂದ್ರಶೈಲಿಗಳು ಹೋದವು, ಒಂದೇ ಗುಂಡಿಯನ್ನು ಪದೇ ಪದೇ ಒತ್ತಿದರೆ ಕಾಂಬೊ ಬರುವ ಅನುಕೂಲ ಬಂತು, ರೋಲ್‌ಬ್ಯಾಕ್ ಮೊದಲ ದಿನದಿಂದಲೇ ಇತ್ತು. ಆರಂಭದಲ್ಲಿ 14 ಪಾತ್ರಗಳು; ಅವುಗಳಲ್ಲಿ ‘ಫೇಟ್’ನ ಸೇಬರ್ ಕೂಡ ಒಬ್ಬಳು. ಅಓಕೊ, ನೆಕೊ-ಆರ್ಕ್ ಮೊದಲಾದವರು ಆಮೇಲೆ ಸೇರಿದರು, ಅವರಿಗಾಗಿ ಬೇರೆ ಹಣ ಕೇಳಲಿಲ್ಲ. ಆದರೆ ಸಿಯಾನ್ ಎಲ್ಲಿ? ಮೊದಲ ಮೆಲ್ಟಿ ಬ್ಲಡ್ ನಿಂತದ್ದೇ ಆಕೆಯ ಮೇಲೆ. ಹೊಸ ‘ತ್ಸುಕಿಹಿಮೆ’ಯ ಲೋಕದಲ್ಲಿ ಆಕೆಯ ಕಥೆ ಇನ್ನೂ ನಡೆದಿಲ್ಲವಾದ್ದರಿಂದ ಆಟದಲ್ಲಿಯೂ ಆಕೆಗೆ ಜಾಗವಿಲ್ಲ. ಸತ್ಸುಕಿಯೂ ಇಲ್ಲ. ಪಾತ್ರಪಟ್ಟಿಯನ್ನು ನಿರ್ಧರಿಸಿದ್ದು ಹೊಡೆತಗಳ ಲೆಕ್ಕವಲ್ಲ, ಕಥೆಯ ಲೆಕ್ಕ.

ಅರ್ಧಚಂದ್ರ ಬರೆದದ್ದು:

ಸಿಯಾನ್ ವಿಷಯದಲ್ಲಿ ತಮ್ಮ ಮಾತು ಗಟ್ಟಿಯಾಗಿದೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. 2022ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಇವೊ ಪಂದ್ಯಾವಳಿಯ ಮುಖ್ಯ ಆಟಗಳ ಪಟ್ಟಿಯಲ್ಲಿ ‘ಟೈಪ್ ಲುಮಿನಾ’ ಇದ್ದಾಗ ಅಲ್ಲಿ ಆಡಿದವರಲ್ಲಿ ‘ಕರೆಂಟ್ ಕೋಡ್’ನಲ್ಲಿ ಕೈ ಪಳಗಿಸಿಕೊಂಡವರೂ ಇದ್ದರು ಎಂಬುದನ್ನು ಮಾತ್ರ ಸೇರಿಸುತ್ತೇನೆ. ರಿವರ್ಸ್ ಬೀಟ್ ಹೊಸ ಆಟದಲ್ಲೂ ಉಳಿದಿದೆ.

ಹಳೇ ಕೀಬೋರ್ಡ್ ಬರೆದದ್ದು:

ಹೊಸದಾಗಿ ಶುರುಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ: ‘ಟೈಪ್ ಲುಮಿನಾ’ದಲ್ಲಿ ಒಂದು ಪಾತ್ರ ಹಿಡಿದು ಕೈ ಕುದುರಿಸಿಕೊಂಡು, ಆಮೇಲೆ ‘ಕರೆಂಟ್ ಕೋಡ್’ಗೆ ಬನ್ನಿ. ಅಲ್ಲಿ ಸ್ಟೀಮ್‌ನ ಆನ್‌ಲೈನ್ ಮೆನು ಮುಟ್ಟಬೇಡಿ, ಸಿಸಿ-ಕಾಸ್ಟರ್ ಹಾಕಿಕೊಳ್ಳಿ. ಶೈಲಿ ಆರಿಸುವಾಗ ಕ್ರೆಸೆಂಟ್ ಇರಲಿ; ಹಾಫ್ ಸುಲಭವೆಂದು ಕಂಡರೂ ಮಾಪಕದ ಬಳಕೆಯನ್ನು ಅದು ನಿಮ್ಮ ಕೈಗೆ ಬಿಡುವುದಿಲ್ಲ.

ಕಾಫಿತೋಟ ಬರೆದದ್ದು:

ಫುಲ್ ಮೂನ್‌ನಿಂದ ಶುರುಮಾಡಿದರೂ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಸರಪಳಿಯ ದಿಕ್ಕು ಒಂದೇ ಆಗಿರುವುದರಿಂದ ಬೇರೆ ಆಟಗಳಿಂದ ಬಂದವರಿಗೆ ಅದು ಬೇಗ ಒಗ್ಗುತ್ತದೆ. ಒಂದು ತಿಂಗಳು ಅದನ್ನು ಆಡಿ ಕ್ರೆಸೆಂಟ್‌ಗೆ ಹೋದರೆ, ಅರ್ಧಚಂದ್ರ ಅವರು ಹೇಳಿದ ಆ ಖಾಲಿ ಬೀಸು ಯಾಕೆ ಬೇಕು ಎಂಬುದು ಯಾರೂ ವಿವರಿಸದೆ ಅರ್ಥವಾಗುತ್ತದೆ.